ಕ್ಯಾಮೆರಾಬಾಧೆ: ಗಾಜಿಪುರದ ಒಬ್ಬ ಮಾಸ್ತರರನ್ನು ಆಧರಿಸಿದ ಸಂಶೋಧನಾ ಪ್ರಬಂಧ

ಪೀಠಿಕೆ

ಕಲಬುರಗಿ ಸೀಮೆಯಲ್ಲಿ ಪಿಎಚ್.ಡಿ. ಆಗದೆ ಉಳಿದ ವಸ್ತು ಹುಡುಕುವುದೇ ಕಷ್ಟ. ತೊಗರಿಯ ಮೇಲೆ ಆಗಿದೆ, ತತ್ವಪದದ ಮೇಲೆ ಆಗಿದೆ, ಬಹಮನಿಯವರ ಮೇಲೆ ಆಗಿದೆ, ಶರಣರ ಮೇಲೆ ಆಗಿದೆ, ಶರಣರ ಮೇಲೆ ಬರೆದವರ ಮೇಲೂ ಆಗಿದೆ. ಆದರೆ ಭಾನುವಾರ ನಸುಕಿನಲ್ಲಿ ಎದ್ದು, ಮನೆಯವರಿಗೆ ಎಚ್ಚರವಾಗದಂತೆ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು, ಬೆನ್ನಿಗೆ ಕಪ್ಪು ಚೀಲ ಏರಿಸಿ ಗಾಜಿಪುರದ ಗಲ್ಲಿಯಿಂದ ಹೊರಬೀಳುವ ಸರ್ಕಾರಿ ಶಾಲೆಯ ಮಾಸ್ತರರ ಕಡೆ ವಿದ್ವಾಂಸರ ಕಣ್ಣು ಬಿದ್ದಿಲ್ಲ. ವಿದ್ವಾಂಸರು ಆ ಹೊತ್ತಿಗೆ ಏಳುವುದಿಲ್ಲ ಎಂಬುದು ಒಂದು ಕಾರಣವಿರಬಹುದು. ಈ ಕೊರತೆ ನೀಗಿಸುವ ಘನ ಉದ್ದೇಶದಿಂದ ಪ್ರಸ್ತುತ ಪ್ರಬಂಧವನ್ನು ಮಂಡಿಸಲಾಗಿದೆ.

ಅಧ್ಯಯನದ ವ್ಯಾಪ್ತಿ ಇಂತಿದೆ: ಒಂದು ತುದಿಗೆ ಕಲಬುರಗಿಯ ಗಾಜಿಪುರ, ಇನ್ನೊಂದು ತುದಿಗೆ ಕಮಲಾಪುರ, ನಡುವೆ ಹುಮನಾಬಾದ್ ರಸ್ತೆ, ರಸ್ತೆಯ ಮೇಲೆ ಒಂದು ಬೈಕು, ಬೈಕಿನ ಮೇಲೆ ಅಧ್ಯಯನದ ವಸ್ತು. ಸಂಶೋಧನಾ ನೀತಿಯ ಪ್ರಕಾರ ವಸ್ತುವಿನ ಹೆಸರು ಹೇಳುವಂತಿಲ್ಲ. ಇಲಾಖೆಯ ಕಿವಿಗೆ ಬೀಳಬಾರದು ಎಂಬ ನೀತಿಯೂ ಅದರೊಳಗೇ ಅಡಕವಾಗಿದೆ. ಆದ್ದರಿಂದ ಇಲ್ಲಿ ಅವರು ಬರೀ 'ಮಾಸ್ತರರು'. ಕಮಲಾಪುರದ ಕಡೆಯ ಓದುಗರು 'ಇವ್ರು ನಮ್ಮ ಸರ್ರೇ ಇರಬೇಕು' ಎಂದು ಬೆರಳು ತೋರಿಸುವ ಮೊದಲೇ ಸ್ಪಷ್ಟಪಡಿಸುತ್ತೇನೆ: ಹತ್ತಾರು ಮಾಸ್ತರರನ್ನು ಒಟ್ಟಿಗೆ ಹಾಕಿ ಕುಟ್ಟಿದ ಶೇಂಗಾ ಹಿಂಡಿ ಇದು, ಇದರಲ್ಲಿ ಯಾವ ಕಾಳು ಯಾರ ಹೊಲದ್ದು ಎಂದು ಬಿಡಿಸಿ ಹೇಳಲು ಬಾರದು.

ಅಧ್ಯಾಯ ಒಂದು: ಇತಿಹಾಸ

ಛಾಯಾಗ್ರಹಣ 1839ರಲ್ಲಿ ಪ್ಯಾರಿಸ್ಸಿನಲ್ಲಿ ಲೋಕಾರ್ಪಣೆಯಾಯಿತು ಎಂದು ಪುಸ್ತಕಗಳು ಹೇಳುತ್ತವೆ. ಕಲಬುರಗಿ ಜಿಲ್ಲೆಯವರಾದ ನಾವು ಇದನ್ನು ಒಪ್ಪಲೇಬೇಕೆಂಬ ಕಟ್ಟುಪಾಡೇನಿಲ್ಲ. ಸನ್ನತಿಯ ಪಕ್ಕದ ಕನಗನಹಳ್ಳಿಯಲ್ಲಿ, ಭೀಮಾ ನದಿಯ ಸಮೀಪ, ಪುರಾತತ್ವ ಇಲಾಖೆಯವರು ತೊಂಬತ್ತರ ದಶಕದಲ್ಲಿ ಅಗೆಯತೊಡಗಿದ ಬೌದ್ಧ ಸ್ತೂಪದಲ್ಲಿ ಒಂದು ಶಿಲಾಫಲಕ ಸಿಕ್ಕಿತು. ರಾಜ, ಪಕ್ಕದಲ್ಲಿ ರಾಣಿ, ಸುತ್ತ ಕೊಡೆ ಚಾಮರ ಹಿಡಿದ ಪರಿವಾರ. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ 'ರಾಯೋ ಅಸೋಕೋ' ಎಂಬ ಬರಹ. ಇದು ಗ್ರೂಪ್ ಫೋಟೋ ಅಲ್ಲದೆ ಮತ್ತೇನು? ಅಡಿಬರಹವೂ ಇದೆ. ಕೆತ್ತಿದವನು ಅಶೋಕನ ಕಾಲದವನಲ್ಲ, ಶತಮಾನಗಳ ಮೇಲೆ ಬಂದವನು. ಅಂದರೆ ಗಿರಾಕಿಯ ಮುಖ ಕಣ್ಣಾರೆ ನೋಡದೆಯೂ ಚಂದ ಮಾಡಿಕೊಡುವ ಎಡಿಟಿಂಗ್ ವಿದ್ಯೆ ಭೀಮಾತೀರದಲ್ಲಿ ಆಗಲೇ ಸಿದ್ಧಿಸಿತ್ತು. ರಾಜನ ಹೆಸರುಂಟು, ತೆಗೆದವನ ಹೆಸರಿಲ್ಲ. ಈ ಒಂದು ಪರಂಪರೆಯನ್ನಂತೂ ನಮ್ಮ ಪತ್ರಿಕೆಗಳೂ ವಾಟ್ಸ್ಯಾಪ್ ಗುಂಪುಗಳೂ ಇಂದಿಗೂ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿವೆ.

ಕಲ್ಲಿನಿಂದ ಗಾಜಿಗೆ ಬರೋಣ. ಕನ್ನಡ ನಾಡಿನ ಮೊದಮೊದಲ ಫೋಟೋಗಳನ್ನು ತೆಗೆದವರ ಸೇವಾ ಪುಸ್ತಕಗಳನ್ನು ತಿರುವಿದರೆ ಒಂದು ವಿಚಿತ್ರ ಕಣ್ಣಿಗೆ ಹೊಡೆಯುತ್ತದೆ. 1855ರಲ್ಲಿ ಬಾಂಬೆ ಸರ್ಕಾರ ವಿಜಾಪುರದ ಕಡೆಯ ಸ್ಮಾರಕಗಳ ಫೋಟೋ ತೆಗೆಯಲು ನೇಮಿಸಿದ ಥಾಮಸ್ ಬಿಗ್ಸ್ ಫಿರಂಗಿ ದಳದ ಕ್ಯಾಪ್ಟನ್. ಆತನನ್ನು ಸೈನ್ಯ ವಾಪಸ್ ಕರೆಸಿಕೊಂಡಾಗ (ನಿಯೋಜನೆ ರದ್ದುಪಡಿಸಿ ಮೂಲ ಹುದ್ದೆಗೆ ಕಳಿಸುವ ಪದ್ಧತಿ ಅಂದೂ ಇತ್ತು ಎಂಬುದನ್ನು ಗಮನಿಸಬೇಕು) ಆ ಜಾಗಕ್ಕೆ ಬಂದ ಪಿಗೂ ಸಾಹೇಬ ಡಾಕ್ಟರು. 1856ರಲ್ಲಿ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ ಗ್ರೀನ್‌ಲಾ ಕೂಡ ದಂಡಿನವನೇ. ಇನ್ನು ಗುಲ್ಬರ್ಗ ನಿಜಾಮನ ಸೀಮೆಯಲ್ಲಿದ್ದ ಕಾಲಕ್ಕೆ ಆ ದರ್ಬಾರಿನ ಛಾಯಾಗ್ರಾಹಕರಾಗಿ 'ರಾಜಾ' ಬಿರುದು ಪಡೆದ ಲಾಲಾ ದೀನ್ ದಯಾಳ್ ಯಾರು? ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುತ್ತಿದ್ದ ನೌಕರ. ಕಚೇರಿ ಕೆಲಸದ ನಡುವೆ ಕ್ಯಾಮೆರಾ ಹಿಡಿದರು, ಹುಚ್ಚು ನೆತ್ತಿಗೇರಿತು, ದೀರ್ಘ ರಜೆ ಹಾಕಿ ಊರೂರು ಸುತ್ತಿದರು, ಕಡೆಗೆ ನೌಕರಿಗೇ ನಮಸ್ಕಾರ ಹೊಡೆದು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನ ಸೇರಿದರು. ಮನೆಮನೆಗೆ ಕ್ಯಾಮೆರಾ ತಲುಪಿಸಿದ ಕೊಡಕ್ ಕಂಪನಿಯ ಈಸ್ಟ್‌ಮನ್ ಮೊದಲು ಬ್ಯಾಂಕಿನ ಗುಮಾಸ್ತ. 'ಆಲಿಸ್' ಕಥೆ ಬರೆದ ಲೂಯಿಸ್ ಕ್ಯಾರಲ್ ಆಕ್ಸ್‌ಫರ್ಡಿನಲ್ಲಿ ಗಣಿತದ ಮೇಷ್ಟ್ರು. 1856ರಲ್ಲಿ ಹಿಡಿದ ಕ್ಯಾಮೆರಾವನ್ನು ಕಾಲು ಶತಮಾನ ಬಿಡಲಿಲ್ಲ. ನಮ್ಮಲ್ಲೇ ನೋಡಿ: ಸಂಡೂರಿನ ಎಂ.ವೈ. ಘೋರ್ಪಡೆ ರಾಜ್ಯದ ಹಣಕಾಸು ಮಂತ್ರಿಯಾಗಿಯೂ ಕಾಡುಪ್ರಾಣಿಗಳ ಬೆನ್ನು ಬಿಡಲಿಲ್ಲ, ತೇಜಸ್ವಿಯವರು ಕಾಫಿ ತೋಟ ಮತ್ತು ಕಾದಂಬರಿಯ ನಡುವೆ ಹಕ್ಕಿಗಳಿಗಾಗಿ ಪೊದೆಯಲ್ಲಿ ಕೂತರು.

ಇದರಿಂದ ಪ್ರಸ್ತುತ ಸಂಶೋಧಕ ಮಂಡಿಸುವ 'ಎರಡನೆಯ ನೌಕರಿ ಸಿದ್ಧಾಂತ' ಇಷ್ಟು: ಫೋಟೋ ತೆಗೆಯುವುದು ಯಾರ ಮೊದಲ ಕೆಲಸವೂ ಅಲ್ಲ, ಮೊದಲ ಕೆಲಸದಲ್ಲಿ ಸಿಗದ ಯಾವುದನ್ನೋ ಹುಡುಕಿಕೊಂಡು ಹೊರಟವನ ಕೈಗೆ ಸಿಗುವ ವಸ್ತುವೇ ಕ್ಯಾಮೆರಾ. 'ಮೈಸೂರಿನ ಟಿ.ಎಸ್. ಸತ್ಯನ್ ಕ್ಯಾಮೆರಾವನ್ನೇ ನಂಬಿ ಬಾಳಲಿಲ್ಲವೇ?' ಎಂದು ಪೂರ್ವಪಕ್ಷದವರು ಎದ್ದು ನಿಲ್ಲಬಹುದು. ಬಾಳಿದರು, ನಿಜ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಫೋಟೋಗಳ ಪ್ರದರ್ಶನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲೇ ನಡೆಯಿತು. ಸಿದ್ಧಾಂತಕ್ಕೆ ಒಗ್ಗದ ಇಂಥ ಉದಾಹರಣೆಗಳನ್ನು 'ಅಪವಾದ' ಎಂಬ ಡಬ್ಬಿಗೆ ಹಾಕಿ ಮುಚ್ಚುವುದು ಸಂಶೋಧನೆಯ ಸರ್ವಮಾನ್ಯ ವಿಧಾನ.

ಅಧ್ಯಾಯ ಎರಡು: ರೋಗಮೂಲ

ಮಾಸ್ತರರಿಗೆ ಈ ಬಾಧೆ ಎಲ್ಲಿಂದ ಅಂಟಿತು? ಸ್ನೇಹಿತರ ಸಹವಾಸ, ಮದುವೆ ಮನೆಯ ಗಾಳಿ, ಪೂರ್ವಜನ್ಮದ ಕರ್ಮ, ಎಲ್ಲವನ್ನೂ ಪರಿಶೀಲಿಸಲಾಯಿತು. ಮೂಲ ಬೇರೆಯೇ ಇತ್ತು. ಅಂಟಿಸಿದ್ದು ವ್ಯವಸ್ಥೆ.

ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ 2002ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದದ್ದು ನಮ್ಮ ಈಶಾನ್ಯದ ಜಿಲ್ಲೆಗಳಲ್ಲಿ. ಆಗ ಪುರಾವೆಗೆ ಸಹಿ ಸಾಕಿತ್ತು. 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು. ಅಷ್ಟರಲ್ಲಿ ಮಾಸ್ತರರ ಜೇಬಿಗೆ ಮೊಬೈಲೂ ಬಂದಿತ್ತು. 2021ರ ಕೊನೆಗೆ ಮೊಟ್ಟೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಅದು ವಾರಕ್ಕೆ ಆರು ದಿನವಾಯಿತು. ಆರು ದಿನ ಮೊಟ್ಟೆ ಎಂದರೆ ಆರು ದಿನ ಫೋಟೋ. ಜೊತೆಗೆ ಪ್ರಾರ್ಥನೆಯ ಫೋಟೋ, ಗಿಡ ನೆಟ್ಟ ಫೋಟೋ, ಹೋದ ವರ್ಷ ನೆಟ್ಟ ಗಿಡ ಇನ್ನೂ ಇದೆ ಎಂಬ ಫೋಟೋ, ಕೈ ತೊಳೆದ ಫೋಟೋ, ಶೌಚಾಲಯದ ಬಾಗಿಲಿನ ಫೋಟೋ, ಪ್ರತಿಜ್ಞೆ ಮಾಡಿದ ಫೋಟೋ. ಧ್ವಜಾರೋಹಣದ ಲೆಕ್ಕದಲ್ಲೂ ನಮ್ಮವರ ಪಾಲು ಹೆಚ್ಚು: ಮೈಸೂರಿನ ಕಡೆಯ ಮಾಸ್ತರರಿಗೆ ಸೆಪ್ಟೆಂಬರ್ 17 ಒಂದು ಮಾಮೂಲಿ ದಿನ, ನಮಗೆ ಅದು ಕಲ್ಯಾಣ ಕರ್ನಾಟಕದ ವಿಮೋಚನೆಯ ದಿನ. ಹೈದರಾಬಾದ್ ಸಂಸ್ಥಾನ 1948ರಲ್ಲಿ ಭಾರತಕ್ಕೆ ಸೇರಿತು. ಅದರಿಂದ ನಮ್ಮ ಮಾಸ್ತರರಿಗೆ ವರ್ಷಕ್ಕೊಂದು ಫೋಟೋ ಹೆಚ್ಚುವರಿಯಾಯಿತು.

ಬರೀ ಫೋಟೋ ಆದರೆ ನಡೆಯದು. ಅದರ ಹಣೆಯ ಮೇಲೆ ತಾರೀಖು, ಗಂಟೆ, ಅಕ್ಷಾಂಶ, ರೇಖಾಂಶ ಮೂಡಬೇಕು. ಅದಕ್ಕೆಂದು ಜಿಪಿಎಸ್ ಕ್ಯಾಮೆರಾ ಆ್ಯಪ್. ಭೂಗೋಳದ ಪಾಠದಲ್ಲಿ ಅಕ್ಷಾಂಶ ಎಂದರೇನು ಎಂದು ಮಕ್ಕಳಿಗೆ ಎಷ್ಟು ಹೇಳಿದರೂ ತಲೆಗೆ ಹೋಗಿರಲಿಲ್ಲ. ಮೊಟ್ಟೆಯ ಫೋಟೋ ಶುರುವಾದ ಮೇಲೆ ಐದನೇ ತರಗತಿಯ ಹುಡುಗನೂ 'ನಮ್ಮ ಸಾಲಿ ಹದಿನೇಳು ಡಿಗ್ರಿ ಉತ್ತರಕ್ಕ ಅದ್ರೀ' ಎನ್ನುತ್ತಾನೆ. ಶಿಕ್ಷಣದಲ್ಲಿ ತಂತ್ರಜ್ಞಾನದ ಬಳಕೆ ಎಂದು ದೊಡ್ಡವರು ಭಾಷಣ ಬಿಗಿಯುವುದು ಇದಕ್ಕೇ ಇರಬೇಕು.

ಕ್ಷೇತ್ರಕಾರ್ಯದಿಂದ ಒಂದು ದೃಷ್ಟಾಂತ. ಶಾಲೆಯ ಅಂಗಳ, ಊಟದ ಸಾಲು. ಮಾಸ್ತರರು ಮೊಬೈಲು ಎತ್ತಿದ್ದಾರೆ. ಮಕ್ಕಳಿಗೆ ನಿರ್ದೇಶನ ಬಾಯಿಪಾಠ: ಮೊಟ್ಟೆ ಎದೆಯ ಮಟ್ಟಕ್ಕೆ, ತಾಟು ಮುಂದಕ್ಕೆ, ಕಣ್ಣು ಸರ್ ಕಡೆಗೆ. ಎರಡನೇ ಸಾಲಿನ ಒಬ್ಬಳ ಕೈ ಬರಿದು.

'ಎಲ್ಲವ್ವಾ ನಿನ್ನ ಮೊಟ್ಟಿ?'

'ತಿಂದೀನ್ರೀ ಸರ್.'

'ಫೋಟೋಕ್ಕಿಂತ ಮುಂಚೆನೇ?'

'ಹಸಿವಾಗಿತ್ರೀ.'

ಪಕ್ಕದ ಹುಡುಗ ಉದಾರವಾಗಿ ತನ್ನ ಮೊಟ್ಟೆ ಅವಳ ಕೈಗಿಟ್ಟ. ತನ್ನ ಫೋಟೋ ಆಗಲೇ ಆಗಿದೆಯಲ್ಲ ಎಂಬ ಧೈರ್ಯ. ಫೋಟೋ ಬಂತು, ಮೇಲಕ್ಕೆ ಹೋಯಿತು. ಮೊಟ್ಟೆ ನಿಜ, ಮಗು ನಿಜ, ಮಗು ಮೊಟ್ಟೆ ತಿಂದದ್ದೂ ನಿಜ. ಹಸಿದವಳು ಗಬಗಬನೆ ತಿಂದ ಆ ಒಂದು ಕ್ಷಣ ಮಾತ್ರ ಎಲ್ಲೂ ದಾಖಲಾಗಲಿಲ್ಲ. ಮಾಸ್ತರರ ತಲೆಯಲ್ಲಿ ಹುಳ ಹೊಕ್ಕದ್ದು ಆವತ್ತೇ ಎಂಬುದು ಪ್ರಬಂಧಕಾರನ ನಿರ್ಣಯ. ಅವರು ಮೊಬೈಲಿನಲ್ಲಿದ್ದ ಮಕ್ಕಳ ಫೋಟೋಗಳನ್ನೆಲ್ಲ ರಾತ್ರಿ ಕೂತು ನೋಡಿದರು. ಎಲ್ಲರೂ ಕವಾಯತಿಗೆ ನಿಂತಂತೆ ನಿಂತಿದ್ದರು. ಅಷ್ಟು ಫೋಟೋಗಳಲ್ಲಿ ಒಬ್ಬನಾದರೂ ಸಿಂಬಳ ಒರೆಸಿಕೊಂಡಿರಲಿಲ್ಲ, ಒಬ್ಬಳಾದರೂ ಪಕ್ಕದವಳ ಜಡೆ ಎಳೆದಿರಲಿಲ್ಲ. ಆ ತಿಂಗಳ ಪಗಾರದಲ್ಲಿ ಕ್ಯಾಮೆರಾದ ಮೊದಲ ಕಂತು ಹೋಯಿತು.

ಅಧ್ಯಾಯ ಮೂರು: ರೋಗಲಕ್ಷಣ

ಮೊದಲ ಹಂತದಲ್ಲಿ ರೋಗಿ ಬಿಸಿಲನ್ನು 'ಲೈಟು' ಎನ್ನತೊಡಗುತ್ತಾನೆ. ಎರಡನೆಯ ಹಂತದಲ್ಲಿ ಬೀಗರು ಮಾತಾಡುವಾಗ ಅವರ ಮೂಗಿನ ನೆರಳು ಎತ್ತ ಬಿದ್ದಿದೆ ಎಂದು ನೋಡುತ್ತಾನೆ. ಮೂರನೆಯ ಹಂತದಲ್ಲಿ ಐವತ್ತು ಮಿಲಿಮೀಟರಿನ ಲೆನ್ಸು ಕೊಳ್ಳುತ್ತಾನೆ, ಬೆಲೆಯನ್ನು ಮನೆಯಲ್ಲಿ ಅರ್ಧ ಹೇಳುತ್ತಾನೆ. ನಾಲ್ಕನೆಯ ಹಂತದಲ್ಲಿ ಎಂ.ಎ., ಬಿ.ಎಡ್. ಮುಂದೆ ಎಎಫ್‌ಐಎಪಿ ಎಂಬ ಅಂತರರಾಷ್ಟ್ರೀಯ ಬಿರುದು ಕೂಡಿದರೆ ಲಗ್ನಪತ್ರಿಕೆಯಲ್ಲಿ ಹೆಸರು ಹೇಗೆ ಕಾಣುತ್ತದೆ ಎಂದು ಕಾಗದದ ಮೇಲೆ ಬರೆದು ನೋಡುತ್ತಾನೆ. ಇದರಾಚೆಯದು ಡ್ರೋನ್, ಅಲ್ಲಿಗೆ ಹೋದವರು ಮರಳಿ ಬಂದ ದಾಖಲೆಯಿಲ್ಲ.

ಅಧ್ಯಾಯ ನಾಲ್ಕು: ಕಲಬುರಗಿಯ ಬೆಳಕು, ಒಂದು ಶಾಸ್ತ್ರೀಯ ವಿವೇಚನೆ

ಇಂಗ್ಲೆಂಡು ಅಮೆರಿಕೆಗಳಲ್ಲಿ ಕೂತು ಬರೆದ ಛಾಯಾಗ್ರಹಣದ ಪುಸ್ತಕಗಳು ಕಲಬುರಗಿಗೆ ಬಂದರೆ ಕೈಕೊಡುತ್ತವೆ. ಉದಾಹರಣೆಗೆ 'ಸನ್ನಿ ಸಿಕ್ಸ್‌ಟೀನ್' ಎಂಬ ಹಳೆಯ ನಿಯಮ: ಚೆನ್ನಾಗಿ ಬಿಸಿಲಿದ್ದಾಗ ಅಪರ್ಚರ್ ಎಫ್ 16 ಇಟ್ಟು, ಐಎಸ್‌ಒ 100 ಇದ್ದರೆ ಶಟರ್ ಸೆಕೆಂಡಿನ ನೂರನೇ ಒಂದು ಭಾಗ ಇಡಿ, ಫೋಟೋ ಸರಿ ಬರುತ್ತದೆ. ಹಿಮ ಅಥವಾ ಮರಳುಗಾಡಿನ ಕಣ್ಣು ಕುಕ್ಕುವ ಬೆಳಕಿಗೆ ಎಫ್ 22. ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟಿದ ಮೇಲೆ ಸೂಪರ್ ಮಾರ್ಕೆಟಿನ ಚೌಕದಲ್ಲಿ ಮಟಮಟ ಮಧ್ಯಾಹ್ನ ನಿಂತವರು ಇದನ್ನು ಹಿಮ ಎಂದು ಕರೆಯಬೇಕೋ ಮರಳುಗಾಡು ಎಂದು ಕರೆಯಬೇಕೋ ಪುಸ್ತಕದಲ್ಲಿಲ್ಲ. ಮಾಸ್ತರರು ಆ ಹೊತ್ತಿಗೆ ಕ್ಯಾಮೆರಾವನ್ನು ಟವೆಲಿನಲ್ಲಿ ಸುತ್ತಿ ಲಸ್ಸಿ ಕುಡಿಯುವುದೇ ಸರಿಯಾದ ಎಕ್ಸ್‌ಪೋಜರ್ ಎಂಬ ತೀರ್ಮಾನಕ್ಕೆ ಬಂದಿದ್ದಾರೆ.

ನಿಜವಾದ ಸಮಸ್ಯೆ ಇನ್ನೂ ಆಳದ್ದು. ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಯಂತ್ರಕ್ಕೆ ಒಂದೇ ನಂಬಿಕೆ: ಲೋಕವೆಲ್ಲ ಸರಾಸರಿ ಬೂದು ಬಣ್ಣದ್ದು, ಬಿದ್ದ ಬೆಳಕಿನ ಶೇಕಡಾ 18ರಷ್ಟನ್ನು ಹಿಂದಕ್ಕೆ ಕಳಿಸುವಂಥದ್ದು. ನಮ್ಮ ಲೋಕ ಹಾಗಿಲ್ಲ. ಕಮಲಾಪುರದ ರಸ್ತೆಯ ಎರಡೂ ಬದಿಗೆ ಯರಿಭೂಮಿ, ಮಳೆ ಬಿದ್ದು ಹರಗಿದ ಮೇಲೆ ಇದ್ದಿಲಿನಷ್ಟು ಕಪ್ಪು. ಯಂತ್ರ ಅದನ್ನು ನೋಡಿ 'ಅಯ್ಯೋ ಕತ್ತಲೆ' ಎಂದು ಹೆದರಿ ಬೆಳಕು ಜಾಸ್ತಿ ಒಳಗೆ ಬಿಡುತ್ತದೆ. ಕಪ್ಪು ಹೊಲ ಬೂದಿಯಾಗುತ್ತದೆ, ಆಕಾಶ ಸುಟ್ಟು ಹೋಗುತ್ತದೆ. ಬಿಳಿ ಗೋಡೆಯ ಮುಂದೆ ಇಟ್ಟರೆ ಉಲ್ಟಾ: 'ಎಷ್ಟು ಬೆಳಕು!' ಎಂದು ಕಣ್ಣು ಮುಚ್ಚಿಕೊಂಡು ಸುಣ್ಣದ ಗೋಡೆಯನ್ನು ಕೊಳೆ ಮಾಡಿಬಿಡುತ್ತದೆ. ಆದ್ದರಿಂದ ಕಪ್ಪಿಗೆ ಬೆಳಕು ಇಳಿಸಬೇಕು, ಬಿಳುಪಿಗೆ ಏರಿಸಬೇಕು. ಸರಿ. ಆದರೆ ಆ ಕಪ್ಪು ಹೊಲದ ನಡುವೆ ಬಿಳಿ ಧೋತರ, ಬಿಳಿ ಅಂಗಿ, ಬಿಳಿ ಟೊಪ್ಪಿಗೆಯ ರೈತ ಬಂದು ನಿಂತರೆ? ಯಂತ್ರಕ್ಕೆ ತಲೆ ತಿರುಗುತ್ತದೆ. ಹೊಲ ಉಳಿಸಿದರೆ ಧೋತರ ಹೋಯಿತು, ಧೋತರ ಉಳಿಸಿದರೆ ಮುಖ ಹೋಯಿತು. ಜಪಾನಿನ ಎಂಜಿನಿಯರುಗಳು ಕ್ಯಾಮೆರಾ ಮಾಡುವಾಗ ಕಮಲಾಪುರ ತಾಲ್ಲೂಕಿನ ರೈತನನ್ನು ಕೇಳಲಿಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಡ.

ಈ ಗಂಟನ್ನು ಬಿಡಿಸಿದ್ದು ಮಾಸ್ತರರ ಸ್ವಂತ ಶೋಧ. ಪಟ್ಟಣದ ಛಾಯಾಗ್ರಾಹಕರು ಬೆಳಕು ಅಳೆಯಲು 'ಗ್ರೇ ಕಾರ್ಡ್' ಎಂಬ ಬೂದು ರಟ್ಟನ್ನು ದುಡ್ಡು ಕೊಟ್ಟು ತರುತ್ತಾರೆ. ಮಾಸ್ತರರು ಒಂದು ಬೆಳಿಗ್ಗೆ ಹುಡುಗರ ಹಾಜರಿ ತೆಗೆದುಕೊಳ್ಳುತ್ತ ನೆಲ ನೋಡಿದರು. ಶಹಾಬಾದಿ ಫರಸಿ! ಶಾಲೆಯ ನೆಲ ಅದೇ, ಮನೆಯ ಕಟ್ಟೆ ಅದೇ, ಬಸ್ ನಿಲ್ದಾಣದ ಆಸನ ಅದೇ, ಹಳೆಯ ಮನೆಗಳ ಛಾವಣಿಯೂ ಅದೇ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ನೆಲದಡಿಯ ಸುಣ್ಣಕಲ್ಲು ಪದರುಪದರಾಗಿ ಎದ್ದು ಬಂದು ಇಡೀ ಸೀಮೆಗೆ ಹಾಸಿಕೊಂಡಿರುವ ಬೂದು ಬಣ್ಣ. ರೈತನ ಕಾಲ ಬಳಿ ಒಂದು ಫರಸಿ ತುಂಡಿಟ್ಟು, ಅದರ ಮೇಲೆ ಬೆಳಕು ಅಳೆದು ತೆಗೆದ ಫೋಟೋದಲ್ಲಿ ಹೊಲ ಕಪ್ಪಗೇ ಇತ್ತು, ಧೋತರ ಬೆಳ್ಳಗೇ ಇತ್ತು, ಟೊಪ್ಪಿಗೆಯ ಕೆಳಗೆ ಕಣ್ಣು ಕಾಣುತ್ತಿತ್ತು. ಅಂದಿನಿಂದ ಮಾಸ್ತರರ ಕ್ಯಾಮೆರಾ ಚೀಲದಲ್ಲಿ ಒಂದು ಕಲ್ಲಿದೆ. ಚೀಲ ಎತ್ತಿದವರೆಲ್ಲ 'ಲೆನ್ಸು ಭಾಳ ವಜ್ಜ ಅದರೀ ಸರ್' ಎಂದು ಗೌರವ ತೋರಿಸುತ್ತಾರೆ.

ನೆರಳಿನ ಪಾಠಕ್ಕೆ ಅವರು ಹೋಗುವುದು ಕೋಟೆಯೊಳಗಿನ ಜಾಮಿ ಮಸೀದಿಗೆ. 1367ರ ಕಟ್ಟಡ, ಬೇರೆ ಮಸೀದಿಗಳಲ್ಲಿರುವಂತೆ ನಡುವೆ ತೆರೆದ ಅಂಗಳವಿಲ್ಲ, ಪೂರ್ತಿ ಮುಚ್ಚಿದ ಛಾವಣಿ. ಬೆಳಕು ಸುತ್ತಲಿನ ಅಗಲ ಕಮಾನುಗಳಿಂದ ಅಡ್ಡಡ್ಡಲಾಗಿ ಒಳಗೆ ಬಂದು ಕಂಬದಿಂದ ಕಂಬಕ್ಕೆ ಮೆಲ್ಲಗಾಗುತ್ತ ಹೋಗುತ್ತದೆ. ಬೆಂಗಳೂರಿನ ಸ್ಟುಡಿಯೋಗಳಲ್ಲಿ ಸಾಫ್ಟ್‌ಬಾಕ್ಸ್ ಎಂಬ ಬಟ್ಟೆಯ ಡಬ್ಬಿಗೆ ದುಡ್ಡು ಸುರಿದು ಪಡೆಯುವ ಬೆಳಕನ್ನು ಬಹಮನಿಯವರು ಗಾರೆಯಲ್ಲಿ ಕಟ್ಟಿ ಬಿಟ್ಟುಹೋಗಿದ್ದಾರೆ. ಟ್ರೈಪಾಡ್ ತೆಗೆದರೆ ಮಾತ್ರ ಕಾವಲುಗಾರ ಪರವಾನಗಿ ಕೇಳುತ್ತಾನೆ, ಆದ್ದರಿಂದ ಮಾಸ್ತರರು ಕಂಬಕ್ಕೆ ಒರಗಿ ಉಸಿರು ಬಿಗಿಹಿಡಿದು ಒತ್ತುತ್ತಾರೆ.

ಇನ್ನು ಮದುಮಗಳ ಫೋಟೋ. ಇದರಲ್ಲಿ ಮಾಸ್ತರರ ಗುರು ಒಬ್ಬ ಚಿತ್ರಕಾರ: ಇದೇ ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರುಗಳಿಂದ ಹಿಡಿದು ಕ್ಯಾಲೆಂಡರಿನ ದೇವರುಗಳವರೆಗೆ ಬರೆದು ಹೆಸರಾದ ಎಸ್.ಎಂ. ಪಂಡಿತ್. ಪಂಡಿತರ ಚಿತ್ರಗಳಲ್ಲಿ ಹಿಂದಿನಿಂದ ಬಂದ ಬೆಳಕು ಕೂದಲಿನ ಅಂಚಿಗೆ, ಭುಜದ ಅಂಚಿಗೆ ಹೊನ್ನಿನ ಗೆರೆ ಎಳೆದಿರುತ್ತದೆ. ಮಾಸ್ತರರು ಮದುಮಗಳನ್ನು ಸಂಜೆಯ ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸುವುದು ಆ ಗೆರೆಗಾಗಿ. ಮದುಮಗಳ ಅಪ್ಪನಿಗೆ ಇದು ಹಿಡಿಸುವುದಿಲ್ಲ. 'ಮಾರಿಮ್ಯಾಲ ಬಿಸಿಲ ಬೀಳಬೇಕಲ್ರೀ ಸರ್, ಪೌಡರ್ ಕಾಣಂಗಿಲ್ಲ!' ಈ ಎರಡು ಸೌಂದರ್ಯಮೀಮಾಂಸೆಗಳ ನಡುವೆ ಸಮನ್ವಯ ಸಾಧ್ಯವೇ ಎಂಬುದಕ್ಕೆ ಬೇರೆ ಪ್ರಬಂಧವೇ ಬೇಕು.

ಅಧ್ಯಾಯ ಐದು: ಅರ್ಥಶಾಸ್ತ್ರ

ನಷ್ಟ.

ಸ್ವಲ್ಪ ವಿವರಿಸಿ ಎಂದು ಮಾರ್ಗದರ್ಶಕರು ಕೇಳಿದ್ದರಿಂದ: ಬೇಸಿಗೆ ರಜೆ ಮತ್ತು ಲಗ್ನದ ಹಂಗಾಮು ಒಂದೇ ಕಾಲಕ್ಕೆ ಬರುವುದರಿಂದ ಮೇಲ್ನೋಟಕ್ಕೆ ಇದು ಲಾಭದ ಕಸುಬು ಎನ್ನಿಸುತ್ತದೆ. ಕುಬಸ, ತೊಟ್ಟಿಲು, ಜವಳ, ಗೃಹಪ್ರವೇಶ ಬೇರೆ. ಆದರೆ ಮಾಸ್ತರರಿಗೆ ಅರ್ಧ ಊರು ಹಳೆಯ ವಿದ್ಯಾರ್ಥಿಗಳು, ಉಳಿದರ್ಧ ಅವರ ಬೀಗರು. ಮುಂಗಡ ಎಂದು ಬಾಯಿ ತೆರೆದರೆ ಕಾಲಿಗೆ ಬೀಳುತ್ತಾರೆ. ಕಾಲಿಗೆ ಬಿದ್ದವರ ಬಳಿ ದುಡ್ಡು ಕೇಳುವುದು ಹೇಗೆ? ಫೋಟೋಗೆ ಸಿಕ್ಕವರಿಗೆ ಮಾಸ್ತರರೇ ಕೊಡಬೇಕಾಗಿ ಬರುವುದೂ ಉಂಟು. ಮಹಾಗಾಂವ ಕ್ರಾಸಿನಲ್ಲಿ ಕಮಲಾಪುರದ ಕೆಂಬಾಳೆ ಮಾರುತ್ತ ಕೂತ ಒಬ್ಬ ಮುದುಕಿ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಹಣ್ಣು, ಅದರ ಹಿಂದೆ ಅಷ್ಟೇ ಮಾನ್ಯವಾದ ಸುಕ್ಕುಮುಖ. ಮಾಸ್ತರರು ಮಂಡಿಯೂರಿದರು.

'ಏ ಯಪ್ಪಾ, ಈ ಮಾರಿ ತಗೊಂಡು ಏನ್ ಮಾಡ್ತಿ? ಬಾಳಿಹಣ್ಣ ತಗೊ.'

'ಒಂದs ಫೋಟೋ, ಆಯಿ.'

'ಒಂದು ಡಜನ್ ತಗೊ, ಆಮ್ಯಾಲ ಎಷ್ಟಾರ ತಗೊ.'

ಕೆಂಬಾಳೆಗೆ ಬೆಲೆ ಜಾಸ್ತಿ. ಆ ಫೋಟೋ ಒಂದು ವಾರಪತ್ರಿಕೆಯಲ್ಲಿ ಬಂತು, ಬಂದ ಗೌರವಧನ ಹಣ್ಣಿನ ಖರ್ಚಿಗೆ ಸಾಲಲಿಲ್ಲ. ಮನೆಯವರ ಲೆಕ್ಕ ಇನ್ನೂ ಚೊಕ್ಕ: 'ಬೇರೆಯವ್ರ ಲಗ್ನದ ಫೋಟೋ ಕಪಾಟಿನ ತುಂಬಾ ಅದಾವ. ನಮ್ಮದು ಒಂದು ಎಲ್ಲದ ಹೇಳ್ರಿ ನೋಡೋಣು.' ಆ ಮಾತಿಗೆ ಅಂಕಿಅಂಶ ಸಮೇತ ಉತ್ತರ ಕೊಡುವ ವಿದ್ವಾಂಸ ಇನ್ನೂ ಹುಟ್ಟಬೇಕು.

ಅಧ್ಯಾಯ ಆರು: ಕಾನೂನು

ಸರ್ಕಾರಿ ನೌಕರ ಅನುಮತಿಯಿಲ್ಲದೆ ಬೇರೆ ವ್ಯಾಪಾರ, ಬೇರೆ ಉದ್ಯೋಗ ಮಾಡುವಂತಿಲ್ಲ. 1966ರ ನಡತೆ ನಿಯಮಗಳಲ್ಲೂ ಇದಿತ್ತು, 2021ರಲ್ಲಿ ಹೊಸ ನಿಯಮಗಳು ಬಂದವು. ಆದರೆ ಹಳೆಯ ನಿಯಮದಲ್ಲೇ ಒಂದು ಕಿಟಕಿ ಇತ್ತು: ಕರ್ತವ್ಯಕ್ಕೆ ಧಕ್ಕೆಯಾಗದಂತೆ, ಆಗೊಮ್ಮೆ ಈಗೊಮ್ಮೆ, ಸಾಹಿತ್ಯ ಕಲೆ ವಿಜ್ಞಾನದ ಸ್ವರೂಪದ ಕೆಲಸ ಮಾಡಬಹುದು. ಅಂದರೆ ಇಡೀ ಪ್ರಶ್ನೆ ಇಷ್ಟಕ್ಕೆ ಬಂದು ನಿಲ್ಲುತ್ತದೆ: ಮದುಮಕ್ಕಳು ಅಂಗೈಯಲ್ಲಿ ಸೂರ್ಯನನ್ನು ಹಿಡಿದ ಫೋಟೋ ಕಲೆಯೇ? ಎರಡು ಪಂಗಡಗಳಿವೆ. ಒಂದು ಪಂಗಡದಲ್ಲಿ ಮದುಮಕ್ಕಳಿದ್ದಾರೆ, ಇನ್ನೊಂದರಲ್ಲಿ ಸೂರ್ಯನನ್ನು ಅಂಗೈಯಲ್ಲಿ ಕೂರಿಸಲು ಬದುವಿನ ಮೇಲೆ ಹೊಟ್ಟೆಯೂರಿ ಮಲಗಿದ ಮಾಸ್ತರರು ಒಬ್ಬರೇ.

ಇದಕ್ಕಿಂತ ಮಹತ್ವದ್ದು 1957ರ ಕೃತಿಸ್ವಾಮ್ಯ ಕಾಯ್ದೆ. ಇದನ್ನು ಓದಿದ ರಾತ್ರಿ ಮಾಸ್ತರರಿಗೆ ನಿದ್ದೆ ಬರಲಿಲ್ಲ. ಬೇರೆ ಒಪ್ಪಂದ ಇಲ್ಲದ ಪಕ್ಷದಲ್ಲಿ, ನೌಕರಿಯ ಭಾಗವಾಗಿ ತೆಗೆದ ಫೋಟೋ ಉದ್ಯೋಗದಾತನದು. ಯಾರೋ ದುಡ್ಡು ಕೊಟ್ಟು ತೆಗೆಸಿದ್ದು ತೆಗೆಸಿದವನದು. ಹೀಗಾಗಿ ಮೊಟ್ಟೆಯ ಫೋಟೋ ಸರ್ಕಾರದ್ದು, ಮದುವೆಯ ಫೋಟೋ ಮದುಮಗಳ ಅಪ್ಪನದು. ಹಾಗಾದರೆ ಮಾಸ್ತರರದು ಯಾವುದು? ಯಾರೂ ಹೇಳದೆ, ಯಾರೂ ಕೇಳದೆ, ಯಾರೂ ಕಾಸು ಕೊಡದೆ ತೆಗೆದದ್ದು. ಫರಸಿಯ ಪಕ್ಕ ನಿಂತ ರೈತ. ಡಜನ್ ಹಣ್ಣು ದಾಟಿಸಿದ ಮುದುಕಿ. ಊಟದ ಗಂಟೆಗೆ ಮುಂಚೆಯೇ ತಾಟು ಬಡಿಯುವ ಹುಡುಗರು. ಭಾನುವಾರದ ಹುಚ್ಚಿಗೆ ಇಷ್ಟು ಗಟ್ಟಿಯಾದ ಸಮರ್ಥನೆ ಸಂಸತ್ತಿನಿಂದಲೇ ಸಿಕ್ಕೀತೆಂದು ಯಾರು ಊಹಿಸಿದ್ದರು?

ಅಧ್ಯಾಯ ಏಳು: ಹೈನ್ ಮಾಸ್ತರರ ಗುಂಡಿಗಳು

ವಿಷಯವನ್ನು ಇಲ್ಲಿಗೆ ಮುಗಿಸಬಹುದಿತ್ತು. ಆದರೆ ನ್ಯೂಯಾರ್ಕಿನ ಒಬ್ಬ ಮಾಸ್ತರರನ್ನು ಬಿಟ್ಟರೆ ಪ್ರಬಂಧ ಅಪೂರ್ಣ. ಲೂಯಿಸ್ ಹೈನ್ ಅಲ್ಲಿನ ಎಥಿಕಲ್ ಕಲ್ಚರ್ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಶಾಲೆಯ ಮುಖ್ಯಸ್ಥರೇ ಕ್ಯಾಮೆರಾ ಕೊಟ್ಟು ಹುಚ್ಚು ಹಿಡಿಸಿದರು (ಓದುಗರು ಎರಡನೇ ಅಧ್ಯಾಯವನ್ನು ನೆನೆಯಬೇಕು). ಹಡಗಿನಿಂದಿಳಿಯುವ ವಲಸೆಗಾರರ ಫೋಟೋ ತೆಗೆದರು, ಶಾಲೆಯಲ್ಲಿ ಮಕ್ಕಳಿಗೂ ಕಲಿಸಿದರು. ಮುಂದೆ ಜಗತ್ಪ್ರಸಿದ್ಧನಾದ ಪಾಲ್ ಸ್ಟ್ರಾಂಡ್ ಅವರ ವಿದ್ಯಾರ್ಥಿ. 1908ರಲ್ಲಿ ಮಾಸ್ತರಿಕೆ ಬಿಟ್ಟು, ಬಾಲಕಾರ್ಮಿಕ ಪದ್ಧತಿಯ ವಿರುದ್ಧ ಹೋರಾಡುತ್ತಿದ್ದ ರಾಷ್ಟ್ರೀಯ ಸಮಿತಿಗೆ ಸೇರಿದರು. ಹತ್ತಿ ಗಿರಣಿ, ಕಲ್ಲಿದ್ದಲು ಗಣಿಗಳ ಮಾಲೀಕರು ಬಾಗಿಲು ತೆಗೆಯದಿದ್ದಾಗ ಬೈಬಲ್ ಮಾರುವವನೆಂದೋ ಪೋಸ್ಟ್‌ಕಾರ್ಡ್ ಮಾರುವವನೆಂದೋ ಹೇಳಿ ಒಳಹೊಕ್ಕರು. ಮಗುವಿನ ಎತ್ತರವನ್ನು ತಮ್ಮ ಕೋಟಿನ ಗುಂಡಿಗಳ ಲೆಕ್ಕದಲ್ಲಿ ಅಳೆದು, ಜೇಬಿನೊಳಗೇ ಕೈಯಿಟ್ಟು ಟಿಪ್ಪಣಿ ಬರೆದುಕೊಂಡರು. ಇಂಥ ಗುಂಡಿಯ ಲೆಕ್ಕ ಹೊಳೆಯುವುದು ಪ್ರತಿದಿನ ಪ್ರಾರ್ಥನೆಗೆ ಮಕ್ಕಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದವನಿಗೆ ಮಾತ್ರ.

ನಮ್ಮ ಮಾಸ್ತರರ ಕಣ್ಣೂ ಅಂಥದ್ದೇ. ಅವರ ಐವತ್ತರ ಲೆನ್ಸನ್ನು ಎಫ್ 1.8ಕ್ಕೆ ತೆರೆದು ಮುಂದಿನ ಬೆಂಚಿಗೆ ಫೋಕಸ್ ಮಾಡಿದರೆ ಹಿಂದಿನ ಬೆಂಚು ಮಸುಕಾಗುತ್ತದೆ. ಗಿರಾಕಿಗಳು ದುಡ್ಡು ಕೊಡುವುದೇ ಆ ಮಸುಕಿಗೆ. ಆದರೆ ಸ್ವಂತ ಫೋಟೋಗಳಲ್ಲಿ ಅವರು ಫೋಕಸ್ ಇಡುವುದು ಹಿಂದಿನ ಬೆಂಚಿಗೆ. ಮುಂದೆ ಕೈಯೆತ್ತಿದ ಜಾಣರೆಲ್ಲ ಮಸುಕು. ಮೂಲೆಯಲ್ಲಿ ಕಿಟಕಿಯ ಬೆಳಕಿಗೆ ಕೂತು, ಪಾಠ ಬಿಟ್ಟು ಹೊರಗಿನ ಹುಣಸೆಮರ ನೋಡುತ್ತಿರುವ ಹುಡುಗ ಸ್ಪಷ್ಟ. ದಸರೆ ಕಳೆದು ತಾಂಡಾಗಳಿಂದ ಅಪ್ಪ ಅಮ್ಮಂದಿರು ಕಬ್ಬು ಕಡಿಯಲೋ ಮುಂಬಯಿ, ಪುಣೆ, ಹೈದರಾಬಾದಿನ ಕಟ್ಟಡಗಳಿಗೋ ಗುಳೆ ಹೊರಟಾಗ ಮೊದಲು ಖಾಲಿಯಾಗುವುದು ಆ ಬೆಂಚು ಎಂದು ಮಾಸ್ತರರಿಗೆ ಗೊತ್ತು. ಹೋಗುವ ಮೊದಲು ಒಂದು ಫೋಟೋ ಇರಲಿ ಎಂಬುದು ಅವರ ಲೆಕ್ಕ. ಹಾಜರಿ ಪುಸ್ತಕದಲ್ಲಿ ಹುಡುಗನ ಹೆಸರಿನ ಮುಂದೆ ಗೈರು ಎಂದು ಬರೆಯುವ ಕೈಯೇ ಇದನ್ನೂ ಮಾಡುತ್ತದೆ. ಈ ಅಧ್ಯಾಯದಲ್ಲಿ ಪ್ರಬಂಧಕಾರನಿಗೆ ತಮಾಷೆ ಹೊಳೆಯುತ್ತಿಲ್ಲ, ಕ್ಷಮಿಸಬೇಕು.

ಶಿಫಾರಸುಗಳು

ಏಳನೇ ತರಗತಿಯ ಬೀಳ್ಕೊಡುಗೆಯ ಗ್ರೂಪ್ ಫೋಟೋಗಳಲ್ಲಿ ಸಿಬ್ಬಂದಿಯೆಲ್ಲ ಇದ್ದಾರೆ, ಅಡುಗೆಯ ಅಕ್ಕಂದಿರೂ ಇದ್ದಾರೆ, ಮಾಸ್ತರರು ಮಾತ್ರ ಇಲ್ಲ. ಕ್ಯಾಮೆರಾ ಹಿಂದೆ ನಿಂತವರು ಬರುವುದು ಹೇಗೆ? ಸೆಪ್ಟೆಂಬರ್ 5ರ ಶಿಕ್ಷಕರ ದಿನದ ಫೋಟೋಗಳಲ್ಲೂ ಅವರ ಸನ್ಮಾನದ ಫೋಟೋ ಇಲ್ಲ. ಹಾರ ಬಿದ್ದ ಕೂಡಲೇ ಹಾರ ಸಮೇತ ಓಡಿಬಂದು ಮುಂದಿನವರ ಸನ್ಮಾನದ ಫೋಟೋ ತೆಗೆದಿದ್ದಾರೆ. ಮುಂದಿನ ಸಲ ಯಾರಾದರೂ ಅವರ ಕೈಯಿಂದ ಕ್ಯಾಮೆರಾ ಇಸಿದುಕೊಂಡು ಒಂದು ಒತ್ತಿ. ಅಂಚಿಗೆ ಹೊನ್ನಿನ ಗೆರೆ ಬರದಿದ್ದರೂ ನಡೆಯುತ್ತದೆ.

ಕೊನೆಯದಾಗಿ ಕಮಲಾಪುರ ತಾಲ್ಲೂಕಿನ ಸಮಸ್ತ ಬೀಗರಲ್ಲಿ ವಿನಂತಿ. ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಮದುವೆಯ ಫೋಟೋ ನಿಮ್ಮದಾಗುವುದು ದುಡ್ಡು ಕೊಟ್ಟು ತೆಗೆಸಿದರೆ ಮಾತ್ರ. ಹೋದ ಹಂಗಾಮಿನ ಆಲ್ಬಂಗಳು ಗಾಜಿಪುರದ ಕಪಾಟಿನಲ್ಲಿ ತಯಾರಾಗಿ ಕೂತಿವೆ. ಅಳಿಯ ಮಗಳ ತೊಟ್ಟಿಲು ಕಾರ್ಯಕ್ಕೂ ಅವರನ್ನೇ ಕರೆಯುವ ಮೊದಲು ಬಂದು ಬಾಕಿ ತೀರಿಸಿ ಒಯ್ಯಿರಿ. ಶನಿವಾರ ಮುಂಜಾನೆ ಶಾಲೆಯಿರುತ್ತದೆ, ಮಧ್ಯಾಹ್ನದ ಮೇಲೆ ಬನ್ನಿ. ಭಾನುವಾರ ಬಂದರೆ ಅವರು ಸಿಗುವುದಿಲ್ಲ.